ಅಶ್ಲೀಲದೋಷವೂ ಅನೃತದೋಷವೂ

ಗತಿಸಿದ ಸಂಗೀತಗಾರರ ಜೀವನವನ್ನು ಚಲಚ್ಚಿತ್ರವಾಗಿ ತೋರಿಸುವ ಪದ್ಧತಿಯು ಈಚೆಗೆ ಬಹಳವಾಗಿ ಬೆಳೆದಿರುತ್ತದೆ. ಅಂತಹ ಚಿತ್ರಗಳ ಮೇಲೆ ಸಾಮಾನ್ಯವಾಗಿ ಎರಡು ಆಕ್ಷೇಪಗಳು ಬರುವುವು. ಪಾತ್ರಗಳ ಬಾಯಲ್ಲಿ ಹೊಲಸು ಮಾತುಗಳು ಬಂದುವೆಂಬುದು ಒಂದು. ನಡೆದುದನ್ನು ನಡೆದಂತೆ ತೋರಿಸಲಿಲ್ಲವೆಂಬುದು ಮತ್ತೊಂದು. ಇವೆರಡರಲ್ಲಿ ಯಾವುದು ಹಿರಿಯ ದೋಷವೆಂಬುದು ವಿಚಾರಾರ್ಹವಾದ ಪ್ರಶ್ನೆ.

ಇದಕ್ಕೆ ‘ಅಮೆಡಿಯಸ್’ ಒಳ್ಳೆಯ ನಿದರ್ಶನ. ಇಂಗ್ಲೆಂಡಿನ ಪೀಟರ್ ಶಾಫರ್ ಅವರು 1979ರಲ್ಲಿ ರಂಗಕ್ಕೆ ತಂದ ಈ ನಾಟಕವು 1984ರಲ್ಲಿ ಮಿಲೋಷ್ ಫೋರ್ಮನ್ ಅವರ ನಿರ್ದೇಶನದಲ್ಲಿ ಚಿತ್ರವಾಗಿ, 8 ಆಸ್ಕರ್ ಪ್ರಶಸ್ತಿಗಳನ್ನು ಪಡೆಯಿತು. 1791ರಲ್ಲಿ ತನ್ನ 35ನೆಯ ವಯಸ್ಸಿನಲ್ಲಿ ವಿಯೆನ್ನಾ ನಗರದಲ್ಲಿ ತೀರಿಕೊಂಡ ಮಹಾಸಂಗೀತಕಾರ ಮೋಟ್ಸಾರ್ಟನ ಮರಣಕ್ಕೆ ಆಸ್ಥಾನವಿದ್ವಾಂಸನಾದ ಸಾಲಿಯೇರಿಯ ಮಾತ್ಸರ್ಯವೇ ಕಾರಣವೆಂಬುದು ಅದರ ಕಥಾವಸ್ತು. ಮೋಟ್ಸಾರ್ಟನಾದರೋ ಅದರಲ್ಲಿ ಬಾಯಿಗೆ ಬಂದಂತೆ ಹೊಲಸು ಮಾತಾಡುವ ಹುಡುಗಾಟದವನು.

ನಾಟಕವನ್ನು ನೋಡಿದ ಅಂದಿನ ಪ್ರಧಾನಮಂತ್ರಿ ಮಾರ್ಗರೆಟ್ ಥ್ಯಾಚರ್ ಅವರು, ಅಷ್ಟು ಸೊಗಸಾದ ಸಂಗೀತವನ್ನು ರಚಿಸಿದವನು ಇಂತಹ ಮಾತನ್ನು ಆಡಿರಲಾರನೆಂದು ಆಕ್ಷೇಪಿಸಿದರೆಂದೂ, ಮೋಟ್ಸಾರ್ಟನ ಪತ್ರಗಳೇ ಸಾಕ್ಷಿಯೆಂದು ತಿಳಿಸಿದರೂ ಒಪ್ಪಲಿಲ್ಲವೆಂದೂ ನಿರ್ದೇಶಕರಾದ ಪೀಟರ್ ಹಾಲ್ ಬರೆದಿರುತ್ತಾರೆ. ಆದರೆ ಪತ್ರಗಳು ಇರುವುದು ನಿಜ. 1777ರಿಂದ ಮುಂದೆ ಆತನು ಚಿಕ್ಕಪ್ಪನ ಮಗಳಿಗೆ ಬರೆದವುಗಳಲ್ಲಿ ಮಲವಿಸರ್ಜನೆಯನ್ನು ಕುರಿತ ಪರಿಹಾಸವು ತುಂಬಿದೆ. ಅವನ ತಾಯಿಯೂ ಮನೆಗೆ ಬರೆಯುವಾಗ ಅಂತಹ ಹಾಸ್ಯವನ್ನು ಆಡಿದ್ದುಂಟು. ಹಾಗಾದರೆ ಸಭಿಕರು ಕಿವಿ ಮುಚ್ಚಿಕೊಂಡ ಅಂಶವೇ ಸತ್ಯವಾಯಿತು!

ಇನ್ನು ಕೊಲೆಯ ಮಾತು. ಸಾಲಿಯೇರಿಯು ವಿಷವಿಟ್ಟನೆಂಬ ಗಾಳಿಸುದ್ದಿಯು ಅವನ ಮುಪ್ಪಿನಲ್ಲಿಯೇ ಹಬ್ಬಿತ್ತು. ರಷ್ಯದ ಕವಿ ಪುಷ್ಕಿನನು 1830ರಲ್ಲಿ ಅದನ್ನು ನಾಟಕವಾಗಿಸಿದನು. ಇದಕ್ಕೆ ಪ್ರಮಾಣವೇನೂ ಇಲ್ಲ. ಸಾಲಿಯೇರಿಯ ಪಕ್ಷವು ತನಗೆ ಅಡ್ಡಬರುವುದೆಂದು ಮೋಟ್ಸಾರ್ಟನು ದೂರಿದ್ದುಂಟು. ಆದರೆ ಆಸ್ಥಾನದ ಪೈಪೋಟಿ ಬೇರೆ, ಕೊಲೆ ಬೇರೆ. 1791ರ ಅಕ್ಟೋಬರ್ 14ರಂದು ಹೆಂಡತಿಗೆ ಬರೆದ ಪತ್ರದಲ್ಲಿ, ತನ್ನ ‘ಮಾಯಾಕೊಳಲು’ ಗೇಯನಾಟಕಕ್ಕೆ ಸಾಲಿಯೇರಿಯನ್ನು ಕರೆದೊಯ್ದುದನ್ನೂ, ಆತನು ಪ್ರತಿಯೊಂದು ಭಾಗವನ್ನೂ ಮೆಚ್ಚಿದುದನ್ನೂ ಅವನೇ ಸಂತೋಷದಿಂದ ತಿಳಿಸಿರುತ್ತಾನೆ. ಮುಂದೆ ಮೋಟ್ಸಾರ್ಟನ ಕಿರಿಯ ಮಗನಿಗೂ ಸಾಲಿಯೇರಿಯು ಪಾಠ ಹೇಳಿದನು. ಬೀಥೋವನ್, ಶೂಬರ್ಟ್ ಮೊದಲಾದವರೂ ಅವನ ಶಿಷ್ಯರೇ. ಇಂತಹ ಗುರುವು ಇಂದು ಲೋಕಕ್ಕೆ ಕೊಲೆಗಾರನೆಂದೇ ಪರಿಚಿತನಾಗಿರುವನಲ್ಲವೆ?

ಇಲ್ಲಿ ಪೂರ್ವಪಕ್ಷವೊಂದುಂಟು. ಕವಿಯು ಚರಿತ್ರಕಾರನಲ್ಲ, ರಸಕ್ಕೆ ಪ್ರತಿಕೂಲವಾದ ಇತಿವೃತ್ತವನ್ನು ಬಿಟ್ಟು ಬೇರೆ ಕಲ್ಪಿಸಬಹುದೆಂದು ಆನಂದವರ್ಧನನೇ ಅನುಮತಿಸಿರುವನು. ಮಹಾಭಾರತದಲ್ಲಿಲ್ಲದ ದುರ್ವಾಸರ ಶಾಪವನ್ನು ಕಾಳಿದಾಸನು ಶಾಕುಂತಲದಲ್ಲಿ ತರಲಿಲ್ಲವೆ? ಮೇಲಾಗಿ ಚಿತ್ರದಲ್ಲಿ ಕಥೆ ಹೇಳುವವನು ಹುಚ್ಚರ ಆಸ್ಪತ್ರೆಯಲ್ಲಿರುವ ಮುದುಕ ಸಾಲಿಯೇರಿಯೇ ಆದುದರಿಂದ, ಅದನ್ನು ಪ್ರಮಾಣವೆಂದು ನಂಬಬೇಕಾಗಿಲ್ಲ ಎನ್ನುವರು.

ಇದಕ್ಕೆ ಸಮಾಧಾನವಿದು. ಕಾಳಿದಾಸನ ಶಾಪವು ದುಷ್ಯಂತನ ಮೇಲಿದ್ದ ಅಪವಾದವನ್ನು ತೊಡೆಯಿತು. ಇಲ್ಲಿಯ ಕಲ್ಪನೆಯು ನಿರಪರಾಧಿಯ ಮೇಲೆ ಅಪವಾದವನ್ನು ಹೊರಿಸಿತು. ರಸಕ್ಕೆ ಎರಡೂ ಸಾಧನಗಳೇ ಇರಬಹುದು, ಧರ್ಮದೃಷ್ಟಿಯಲ್ಲಿ ಮಾತ್ರ ಅವು ಸಮವಲ್ಲ. ಜೀವಿಸಿರುವವನು ನ್ಯಾಯಸ್ಥಾನಕ್ಕಾದರೂ ಹೋದಾನು. 1825ರಲ್ಲಿ ತೀರಿಕೊಂಡವನು ಎಲ್ಲಿಗೆ ಹೋಗಬೇಕು? ಹೇಳುವವನು ಹುಚ್ಚನೆಂಬ ಸೂಕ್ಷ್ಮವು ಪಂಡಿತರ ನೆನಪಿನಲ್ಲಿ ಉಳಿದೀತು. ನೋಡಿದವರಲ್ಲಿ ಬಹುಮಂದಿಗೆ ಉಳಿಯುವುದು ಕೊಲೆಯೊಂದೇ.

ಜನರು ಸಣ್ಣ ದೋಷಕ್ಕೆ ಸಿಡಿದೆದ್ದು ದೊಡ್ಡದನ್ನು ಸಹಿಸುವುದೇಕೆ? ಮಹಾಪುರುಷನ ನಾಲಗೆ ಶುದ್ಧವಾಗಿರಬೇಕೆಂಬುದು ಅವರ ಆಸೆ. ಅವನ ಅಕಾಲಮರಣಕ್ಕೆ ಒಬ್ಬ ದುಷ್ಟನು ಬೇಕೆಂಬುದೂ ಆಸೆಯೇ. ಹೊಲಸು ಮಾತು ಮೊದಲನೆಯದನ್ನು ಕೆಡಿಸಿತು, ಸುಳ್ಳು ಎರಡನೆಯದನ್ನು ತಣಿಸಿತು.

ಹೀಗೆಂದು ಬೈಗುಳಕ್ಕೆಲ್ಲ ಅನುಮತಿ ದೊರೆತಂತಾಗಲಿಲ್ಲ. ಅಲ್ಲಿಯೂ ಕ್ಷೇಮೇಂದ್ರನು ಹೇಳಿದ ಔಚಿತ್ಯವೇ ಅಳತೆಗೋಲು; ವ್ಯಕ್ತಿಯ ಸ್ವಭಾವವನ್ನು ತೋರಿಸುವಷ್ಟು ಇದ್ದರೆ ಸಾಕು. ಆದರೆ ಕೊಲೆಯ ಕಥೆಯೇ ಬೇಕಾದವರು ಕೊಲೆಗಾರನಿಗೊಂದು ಕಲ್ಪಿತ ಹೆಸರನ್ನಿಡಲಿ. ಹಾಗೆ ಮಾಡಿದ್ದರೆ ನಾಟಕಕ್ಕೆ ಆಗುತ್ತಿದ್ದ ನಷ್ಟ ಅಲ್ಪ. ಸಾಲಿಯೇರಿಗೆ ಉಳಿಯುತ್ತಿದ್ದುದು ಅವನ ಹೆಸರು.