ಸಹಿ ಹಾಕಿದ ಮಾತ್ರಕ್ಕೆ ನ್ಯಾಯವಾಯಿತೇ?

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಪ್ಯಾರಿಸ್ ನಗರದ ಜನರು ಒಬ್ಬನ ಸಿರಿವಂತಿಕೆಯನ್ನು ಬಣ್ಣಿಸಬೇಕಾದರೆ 'ಅರ್ಜೆಂಟೀನದವನಷ್ಟು ಶ್ರೀಮಂತ' ಎನ್ನುತ್ತಿದ್ದರಂತೆ. ನಮಗಾದರೋ ಅರ್ಜೆಂಟೀನ ಎಂದೊಡನೆ ಫುಟ್‌ಬಾಲ್ ನೆನಪಾಗುತ್ತದೆ; ಅದರ ಜೊತೆಗೆ, 2025ರ ಏಪ್ರಿಲ್‌ನಲ್ಲಿ ದೈವಾಧೀನರಾದ ಜಗದ್ಗುರು ಫ್ರಾನ್ಸಿಸ್‌ರವರ ನೆನಪೂ ಆಗುತ್ತದೆ. ಆದರೆ ಆ ದೇಶವು ಲೋಕದ ಅತಿ ಸಿರಿವಂತ ದೇಶಗಳ ಸಾಲಿನಲ್ಲಿ ಕುಳಿತಿದ್ದ ಕಾಲವೊಂದಿತ್ತು. ಆ ಸಿರಿಯ ಕಥೆಯೊಳಗೆ ಒಂದು ನೈತಿಕ ಪ್ರಶ್ನೆ ಅಡಗಿದೆ. ಇಬ್ಬರು ಒಪ್ಪಿ ಒಂದು ಕರಾರಿಗೆ ಸಹಿ ಹಾಕಿದರೆ, ಆ ಕರಾರು ನ್ಯಾಯಯುತವೆಂದು ತೀರ್ಮಾನಿಸಿಬಿಡಬಹುದೇ?

ಮೊದಲು ಆ ಸಿರಿ ಬಂದ ಬಗೆಯನ್ನು ನೋಡೋಣ. 'ಪಂಪಾ' ಎಂದು ಕರೆಯುವ ಅಲ್ಲಿನ ಬಯಲುಸೀಮೆಯ ಮಣ್ಣು ಬಹಳ ಫಲವತ್ತಾದದ್ದು. 1876ರಲ್ಲಿ ಫ್ರಾನ್ಸಿನಿಂದ ಶೀತಲ ಯಂತ್ರವನ್ನು ಅಳವಡಿಸಿದ ಹಡಗೊಂದು ಬ್ಯೂನಸ್ ಐರಿಸ್ ಬಂದರಿಗೆ ಬಂದಿತು. ಮಾಂಸವನ್ನು ಕೆಡದಂತೆ ಸಾಗರದಾಚೆಗೆ ಸಾಗಿಸಬಹುದೆಂದು ಅದರಿಂದ ತಿಳಿಯಿತು. 1880ರಲ್ಲಿ ಸುಮಾರು 2,500 ಕಿಲೋಮೀಟರ್ ಇದ್ದ ರೈಲು ಹಾದಿ 1914ರ ಹೊತ್ತಿಗೆ 33,000 ಕಿಲೋಮೀಟರನ್ನು ದಾಟಿತು. ಅದರಲ್ಲಿ ಬಹುಪಾಲು ಬ್ರಿಟಿಷರ ಬಂಡವಾಳ. ಗೋಧಿ, ಮುಸುಕಿನ ಜೋಳ, ಅಗಸೆ, ದನದ ಮಾಂಸ ಹಡಗುಗಟ್ಟಲೆ ಯೂರೋಪಿಗೆ ಹೋದವು. 1908ರಲ್ಲಿ ರಾಜಧಾನಿಯಲ್ಲಿ ಕೊಲೋನ್ ಎಂಬ ಭವ್ಯ ರಂಗಮಂದಿರ ಎದ್ದು ನಿಂತಿತು. 1913ರಲ್ಲಿ ನೆಲದಡಿಯ ರೈಲು ಓಡಿತು. ಲ್ಯಾಟಿನ್ ಅಮೆರಿಕದಲ್ಲೇ ಅದು ಮೊದಲನೆಯದು.

ದುಡಿಯುವ ಕೈಗಳು ಬಂದದ್ದು ಹೊರಗಿನಿಂದ. 1869ರಲ್ಲಿ ಸುಮಾರು 18 ಲಕ್ಷವಿದ್ದ ಜನಸಂಖ್ಯೆ 1914ರಲ್ಲಿ 78 ಲಕ್ಷಕ್ಕೂ ಮೇಲೇರಿತು. ಆ ಜನರಲ್ಲಿ ಹತ್ತಕ್ಕೆ ಮೂವರು ಬೇರೆ ದೇಶಗಳಲ್ಲಿ ಹುಟ್ಟಿದವರು. ರಾಜಧಾನಿಯಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ಅಂಥವರೇ. ಇಟಲಿ ಮತ್ತು ಸ್ಪೇನ್ ದೇಶಗಳ ಬಡ ಹಳ್ಳಿಗಳಿಂದ ಬಂದ ಕಥೋಲಿಕರೇ ಅವರಲ್ಲಿ ಹೆಚ್ಚು. ಇಟಲಿಯ ಕೆಲವರು ತಮ್ಮ ಊರಿನ ಸುಗ್ಗಿ ಮುಗಿಸಿ ಹಡಗು ಹತ್ತಿ, ಭೂಮಿಯ ಆ ಬದಿಯ ಸುಗ್ಗಿಯಲ್ಲೂ ದುಡಿದು ಹಿಂತಿರುಗುತ್ತಿದ್ದರು. ವಲಸೆ ಹಕ್ಕಿಯೊಂದರ ಹೆಸರಿನಿಂದಲೇ ಅವರನ್ನು ಕರೆಯುತ್ತಿದ್ದರು. ಗಲ್ಫ್ ದೇಶಗಳಿಗೆ ಮಕ್ಕಳನ್ನು ಕಳುಹಿಸಿ ರಜೆಯ ದಿನಗಳನ್ನು ಎಣಿಸುವ ನಮ್ಮ ಮನೆಗಳವರಿಗೆ ಈ ಹೆಸರು ಅರ್ಥವಾಗದೆ ಇರದು.

ಜಗದ್ಗುರು ಫ್ರಾನ್ಸಿಸ್‌ರವರ ಅಜ್ಜ ಅಜ್ಜಿಯೂ ಮಗನನ್ನು ಕರೆದುಕೊಂಡು ಇಟಲಿಯಿಂದ ಹೀಗೆಯೇ ಬಂದವರು. ಅವರು ಬಂದದ್ದು ತಡವಾಗಿ, 1929ರ ಆರಂಭದಲ್ಲಿ. ಆ ನಾಡಿನಲ್ಲಿ ವರ್ಷದ ಆರಂಭವೆಂದರೆ ಸುಡುಬೇಸಗೆ. ಅಂಥ ಸೆಕೆಯಲ್ಲಿ ಅಜ್ಜಿ ರೋಸಾ ನರಿಯ ತುಪ್ಪಳದ ಕೊರಳಪಟ್ಟಿಯಿದ್ದ ಕೋಟು ತೊಟ್ಟೇ ಹಡಗಿನಿಂದ ಇಳಿದರಂತೆ. ಊರಿನಲ್ಲಿ ಎಲ್ಲವನ್ನೂ ಮಾರಿ ಬಂದ ಹಣವನ್ನು ಆ ಕೋಟಿನ ಒಳಪದರದಲ್ಲಿ ಹೊಲಿದಿಟ್ಟಿದ್ದರು! ಮೊದಲೇ ಅಲ್ಲಿ ನೆಲೆಸಿದ್ದ ಬಂಧುಗಳ ವ್ಯಾಪಾರವನ್ನು ಅವರು ಸೇರಿಕೊಂಡರು. ಆದರೆ 1932ರ ಆರ್ಥಿಕ ಕುಸಿತದಲ್ಲಿ ಮನೆಯನ್ನಷ್ಟೇ ಅಲ್ಲ, ಕುಟುಂಬದ ಸಮಾಧಿಯನ್ನೂ ಮಾರಬೇಕಾಯಿತು. ಸಿರಿಯ ಕಾಲ ಅಷ್ಟರಲ್ಲಿ ಮುಗಿದಿತ್ತು. ನಾನು ಹೇಳಹೊರಟಿರುವುದು ಅದಕ್ಕೂ ಹಿಂದಿನ, ಸಿರಿ ಉಕ್ಕುತ್ತಿದ್ದ ದಿನಗಳ ಮಾತು.

ವಲಸಿಗರು ಬರುವ ಹೊತ್ತಿಗೆ ಉತ್ತಮ ಭೂಮಿಯೆಲ್ಲ ಹಂಚಿಹೋಗಿತ್ತು. 1879ರ ಸೈನಿಕ ಕಾರ್ಯಾಚರಣೆಯಲ್ಲಿ ಮೂಲನಿವಾಸಿಗಳನ್ನು ಅಟ್ಟಿ ವಶಪಡಿಸಿಕೊಂಡ ನೆಲವೂ ಸೇರಿದಂತೆ, ಅಪಾರ ಜಮೀನು ಕೆಲವೇ ಮನೆತನಗಳ ಕೈಸೇರಿತ್ತು. ಬಂದವನಿಗೆ ಉಳಿದ ದಾರಿ ಗೇಣಿ. ಗೇಣಿ ಎಂದರೇನೆಂದು ನಮ್ಮ ಕರಾವಳಿ, ಮಲೆನಾಡಿನ ಹಿರಿಯರಿಗೆ ನಾನು ವಿವರಿಸಬೇಕಾಗಿಲ್ಲ.

ದನಗಳ ದೊಡ್ಡ ಒಡೆಯರ ಜಮೀನಿನಲ್ಲಿ ಕರಾರು ಸಾಮಾನ್ಯವಾಗಿ ಹೀಗಿರುತ್ತಿತ್ತು. ಗೇಣಿದಾರನು ಕನ್ನೆ ನೆಲವನ್ನು ಉತ್ತು ಹದಮಾಡಿ, ಮೂರೋ ನಾಲ್ಕೋ ವರ್ಷ ಗೋಧಿ ಬೆಳೆಯಬೇಕು. ಕೊನೆಯ ವರ್ಷ, ನಮ್ಮ ರೈತರು ಕುದುರೆ ಮಸಾಲೆ ಎಂದು ಕರೆಯುವ ಮೇವನ್ನು ಬಿತ್ತಿ, ಹಸಿರಾದ ಹೊಲವನ್ನು ಒಡೆಯನ ದನಗಳಿಗೆ ಬಿಟ್ಟು, ಹೆಂಡತಿ ಮಕ್ಕಳೊಡನೆ ಬೇರೆಡೆಗೆ ಹೊರಡಬೇಕು. ಮೂರು ವರ್ಷದ ಬಾಳಿಗೆ ಗಟ್ಟಿ ಮನೆ ಕಟ್ಟುವವರಾರು? ಮಣ್ಣಿನ ಗುಡಿಸಲೇ ಸಾಕು. ಹಣ್ಣಿನ ಗಿಡವನ್ನು ನೆಟ್ಟರೆ ಅದರ ಹಣ್ಣನ್ನು ತಿನ್ನುವುದು ಇನ್ನಾರದೋ ಮಕ್ಕಳು. ಜೋಳ ಬೆಳೆಯುವ ಸೀಮೆಯಲ್ಲಿ ಬೇರೆ ಷರತ್ತುಗಳಿದ್ದವು. ಫಸಲಿನ ಮೂರನೆಯ ಒಂದು ಪಾಲು, ಕೆಲವೆಡೆ ಅದಕ್ಕೂ ಹೆಚ್ಚು, ಗೇಣಿಗೆ ಹೋಗಬೇಕು. ಒಡೆಯ ತೋರಿಸಿದ ಅಂಗಡಿಯಲ್ಲೇ ಸಾಮಾನು ಕೊಳ್ಳಬೇಕು. ಅವನು ಹೇಳಿದವರ ಯಂತ್ರದಲ್ಲೇ ಒಕ್ಕಣೆ ಮಾಡಿಸಬೇಕು.

ಇವೆಲ್ಲವೂ ಬರವಣಿಗೆಯಲ್ಲಿದ್ದವು. ಗೇಣಿದಾರರು ಸಹಿ ಹಾಕಿದ್ದರು.

ಒಡೆಯರ ಪಕ್ಷದ ವಾದವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಇವರನ್ನು ಯಾರೂ ಕೈಹಿಡಿದು ಎಳೆದು ತಂದಿರಲಿಲ್ಲ. ಇಟಲಿಯಲ್ಲಿ ಸಿಗುತ್ತಿದ್ದುದಕ್ಕಿಂತ ಹೆಚ್ಚು ಸಂಪಾದನೆ ಇಲ್ಲಿತ್ತು. ಇಲ್ಲದಿದ್ದರೆ ಹಡಗಿನ ಮೇಲೆ ಹಡಗು ತುಂಬಿ ಬರುತ್ತಿರಲಿಲ್ಲ. ಕೆಲವರು ಉಳಿಸಿ, ಜಮೀನು ಕೊಂಡು, ಮಕ್ಕಳನ್ನು ಓದಿಸಿ ಮೇಲೆ ಬಂದದ್ದೂ ನಿಜ. ಹೀಗಿರುವಾಗ ಅನ್ಯಾಯವೆಲ್ಲಿ ಬಂತು ಎಂದು ಕೇಳಬಹುದು.

ಗುರುಮಠದಲ್ಲಿ ತತ್ವಶಾಸ್ತ್ರವನ್ನು ಓದುವಾಗ ಅರಿಸ್ಟಾಟಲನ ಒಂದು ಉದಾಹರಣೆಯನ್ನು ಕಲಿಸುತ್ತಿದ್ದರು. ಬಿರುಗಾಳಿಗೆ ಸಿಕ್ಕಿದ ಹಡಗಿನವನು ತನ್ನ ಸರಕನ್ನು ತಾನೇ ಕಡಲಿಗೆ ಎಸೆಯುತ್ತಾನೆ. ಕೈ ಅವನದೇ, ನಿರ್ಧಾರವೂ ಅವನದೇ. ಆದರೂ ಅವನು ಅದನ್ನು ಬಯಸಿ ಮಾಡಿದನೆಂದು ಹೇಳಲು ನಾಲಿಗೆ ಏಳುವುದಿಲ್ಲ. ಬಿರುಗಾಳಿ ಇಲ್ಲದಿದ್ದರೆ ಅವನು ಹಾಗೆ ಮಾಡುತ್ತಿರಲಿಲ್ಲ. ಸಂತ ಥಾಮಸ್ ಅಕ್ವಿನಾಸರೂ ಈ ಉದಾಹರಣೆಯನ್ನು ತೆಗೆದುಕೊಂಡು ಚರ್ಚಿಸಿದ್ದಾರೆ. ಬಂದರಿನಲ್ಲಿ ಇಳಿದು, ಕೈಯಲ್ಲಿದ್ದ ಹಣ ಮುಗಿಯುತ್ತಾ ಬಂದು, ಭಾಷೆ ತಿಳಿಯದೆ, ಹಸಿದ ಮಕ್ಕಳನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಸಹಿ ಹಾಕುವವನು ಆ ಹಡಗಿನವನಿಗಿಂತ ಎಷ್ಟು ಭಿನ್ನ?

ಜಗದ್ಗುರು ಹದಿಮೂರನೆಯ ಲಿಯೋರವರು 1891ರ 'ರೇರುಂ ನೊವಾರುಂ' ಪರಿಪತ್ರದಲ್ಲಿ ಇದೇ ಗಂಟನ್ನು ಬಿಡಿಸಿದರು. ಕೂಲಿಯ ಬಗ್ಗೆ ಇಬ್ಬರೂ ಒಪ್ಪಿಕೊಂಡಿರಬಹುದು. ಆದರೆ ಒಪ್ಪಂದಕ್ಕಿಂತ ಹಳೆಯದಾದ, ಅದಕ್ಕಿಂತ ಮಿಗಿಲಾದ ಸಹಜ ನ್ಯಾಯವೊಂದಿದೆ. ಮಿತವಾಗಿ ಬಾಳುವ ದುಡಿಮೆಗಾರನ ಹೊಟ್ಟೆಪಾಡಿಗೆ ಆ ಕೂಲಿ ಸಾಲದಾಗಬಾರದು. ಬೇರೆ ದಾರಿಯಿಲ್ಲದೆ, ಇದಕ್ಕಿಂತ ಕೆಟ್ಟದ್ದು ಬಂದೀತೆಂಬ ಅಂಜಿಕೆಯಿಂದ ಅವನು ಕಠಿಣ ಷರತ್ತಿಗೆ ತಲೆಬಾಗಿದರೆ, ಅವನು ಬಲಾತ್ಕಾರಕ್ಕೆ ಒಳಗಾದವನೇ ಸರಿ. ಇದು ಆ ಪರಿಪತ್ರದ ಸಾರ. ಮುಂದಿನ ವರ್ಷವೇ ಜರ್ಮನಿಯ ರಿಡೆಂಪ್ಟರಿಸ್ಟ್ ಗುರು ಫೆಡೆರಿಕೊ ಗ್ರೋಟೆಯವರು ಬ್ಯೂನಸ್ ಐರಿಸ್‌ನಲ್ಲಿ ಕಾರ್ಮಿಕರ ಕಥೋಲಿಕ ಸಂಘಗಳನ್ನು ಕಟ್ಟತೊಡಗಿದರು.

ಇಲ್ಲಿ ಯಾರಾದರೂ ಶುಭಸಂದೇಶದ ದ್ರಾಕ್ಷಿತೋಟದ ಸಾಮತಿಯನ್ನು ಎತ್ತಬಹುದು. ಆ ತೋಟದ ಯಜಮಾನನೇ ಕೂಲಿಯಾಳಿಗೆ, ನೀನು ಒಪ್ಪಿಕೊಂಡದ್ದು ಇಷ್ಟಕ್ಕೇ ಅಲ್ಲವೇ ಎಂದು ಕೇಳುವುದಿಲ್ಲವೇ? ಕೇಳುತ್ತಾನೆ. ಆದರೆ ಸಾಮತಿಯನ್ನು ಪೂರ್ತಿಯಾಗಿ ಓದಬೇಕು. ಒಪ್ಪಿದ್ದ ಕೂಲಿ ಒಂದು ದಿನಾರಿ. ಅದು ಅಂದಿನ ದಿನಗೂಲಿ, ಒಂದು ಮನೆಯ ಅಂದಿನ ಅನ್ನ. ಸಂಜೆ ಐದಕ್ಕೆ ಬಂದವನಿಗೂ ಯಜಮಾನ ಅಷ್ಟನ್ನೇ ಕೊಟ್ಟ. ಒಂದು ಗಂಟೆ ದುಡಿದವನ ಮಕ್ಕಳಿಗೂ ಇಡೀ ದಿನದ ಹಸಿವು ಇರುತ್ತದಲ್ಲ! ಕರಾರಿನ ಹೆಸರಿನಲ್ಲಿ ಅವನು ಯಾರಿಗೂ ಕಡಿಮೆ ಕೊಡಲಿಲ್ಲ. ಆ ಒಂದು ಮಾತನ್ನು ಮಾತ್ರ ಕಿತ್ತುಕೊಂಡು ಗೇಣಿಪತ್ರಕ್ಕೆ ಅಂಟಿಸುವುದು ಸರಿಯಲ್ಲ.

ಕಷ್ಟದ ಷರತ್ತುಗಳೆಲ್ಲ ಅನ್ಯಾಯವೆಂದು ನಾನು ಹೇಳುತ್ತಿಲ್ಲ. ಬೇಸಾಯದಲ್ಲಿ ನಷ್ಟ ಇದ್ದದ್ದೇ. ನನಗನ್ನಿಸುವಂತೆ ಕೇಳಬೇಕಾದ ಪ್ರಶ್ನೆ, ಆ ನಷ್ಟವನ್ನು ಹೊರುವವರು ಯಾರು ಎಂಬುದು. ಸಾಂಟಾ ಫೆ ಪ್ರಾಂತ್ಯದಲ್ಲಿ 1911ರಲ್ಲಿ ಜೋಳದ ಬೆಳೆ ಕೈಕೊಟ್ಟಿತು. ಗೇಣಿದಾರರು ಅಂಗಡಿಗಳಲ್ಲಿ ಸಾಲ ಮಾಡಿದರು. 1912ರಲ್ಲಿ ಬೆಳೆ ತುಂಬಿ ಬಂದಿತು, ಆದರೆ ಬೆಲೆ ಕುಸಿಯಿತು. ಬೆಳೆ ಹೋದ ವರ್ಷವೂ ನಷ್ಟ ಅವರದೇ, ಬೆಳೆ ಬಂದ ವರ್ಷವೂ ನಷ್ಟ ಅವರದೇ. ಗೇಣಿ ಮಾತ್ರ ತಗ್ಗಲಿಲ್ಲ.

ಆ ಪ್ರಾಂತ್ಯದ ಅಲ್ಕೋರ್ತಾ ಎಂಬ ಊರಿನ ಧರ್ಮಕೇಂದ್ರದ ಗುರು ಹೊಸೆ ನೆತ್ರಿ. ಅವರ ಸೋದರ ಪಸ್ಕುವಾಲ್ ನೆತ್ರಿ ಹತ್ತಿರದ ಮಾಕ್ಸಿಮೊ ಪಾಸ್ ಎಂಬ ಊರಿನ ಗುರು. ಇಬ್ಬರೂ ಇಟಲಿಯಿಂದ ಬಂದವರು. ರೈತರು ತಮ್ಮ ಕರಾರುಗಳನ್ನೂ ಸಾಲದ ಚೀಟಿಗಳನ್ನೂ ಮುಂದಿಟ್ಟುಕೊಂಡು ಸಭೆ ಸೇರತೊಡಗಿದಾಗ ಈ ಗುರುಗಳು ಅವರ ಪಕ್ಷ ವಹಿಸಿದರು. ರೊಸಾರಿಯೊ ನಗರದಲ್ಲಿ ವಕೀಲರಾಗಿದ್ದ ಇನ್ನೊಬ್ಬ ಸೋದರ ಫ್ರಾನ್ಸಿಸ್ಕೊ ನೆತ್ರಿಯವರ ಬಳಿಗೆ ರೈತರಿಗೆ ದಾರಿಯಾಯಿತು. ಊರಿನ ಅಂಗಡಿಕಾರನೊಬ್ಬನೂ ರೈತರ ಜೊತೆ ನಿಂತ. ಅವನಿಗೆ ಲೆಕ್ಕ ಗೊತ್ತಿತ್ತು. ರೈತ ಮುಳುಗಿದರೆ ತನ್ನ ಸಾಲದ ಪುಸ್ತಕವೂ ಮುಳುಗುತ್ತದೆ! 1912ರ ಜೂನ್ 25ರಂದು ಅಲ್ಕೋರ್ತಾದ ಇಟಾಲಿಯನ್ ಸಂಘದ ಕಟ್ಟಡದಲ್ಲಿ ರೈತರ ದೊಡ್ಡ ಸಭೆ ನಡೆಯಿತು. ಗೇಣಿ ಇಳಿಸಿ ಹೊಸ ಕರಾರು ಮಾಡಿಕೊಡುವ ತನಕ ನೇಗಿಲು ಹೂಡುವುದಿಲ್ಲವೆಂದು ಅವರು ತೀರ್ಮಾನಿಸಿದರು. ಮುಷ್ಕರ ಸುತ್ತಲಿನ ಪ್ರಾಂತ್ಯಗಳಿಗೂ ಹಬ್ಬಿತು. ಕೆಲವೇ ತಿಂಗಳಲ್ಲಿ ಅನೇಕ ಒಡೆಯರು ಗೇಣಿ ಇಳಿಸಿದರು. ಅದೇ ಆಗಸ್ಟ್‌ನಲ್ಲಿ ರೈತರ ಒಕ್ಕೂಟ ಸ್ಥಾಪನೆಯಾಯಿತು.

ಧರ್ಮಗುರುಗಳಿಗೆ ಗೇಣಿಯ ಉಸಾಬರಿ ಏಕೆ, ಬಲಿಪೂಜೆ ಅರ್ಪಿಸಿಕೊಂಡು ಇರಬಾರದೇ ಎಂದು ಅಂದೂ ಅಂದಿರುತ್ತಾರೆ, ಇಂದೂ ಅನ್ನುವವರಿದ್ದಾರೆ. ಅಂಥವರು ಸಂತ ಯಕೋಬರ ಪತ್ರದ ಐದನೆಯ ಅಧ್ಯಾಯದ ಆರಂಭವನ್ನು ಒಮ್ಮೆ ಓದಿದರೆ ಒಳ್ಳೆಯದು. ಕೊಯ್ಲಿನವರ ಕೂಲಿಯ ವಿಷಯ ಅಲ್ಲಿ ನೇರವಾಗಿಯೇ ಬಂದಿದೆ.

ನಗರದ ಕಥೆಯೂ ಇದೇ ಬಗೆಯದು. ಬ್ಯೂನಸ್ ಐರಿಸ್‌ನಲ್ಲಿ ದುಡಿಯುವ ಜನ ವಠಾರಗಳಲ್ಲಿ ಬಾಳುತ್ತಿದ್ದರು. ಒಂದು ಕುಟುಂಬಕ್ಕೆ ಒಂದೇ ಕೋಣೆ. ಅಂಗಳ, ನಲ್ಲಿ, ಪಾಯಿಖಾನೆ ಎಲ್ಲರಿಗೂ ಸೇರಿದ್ದು. 1907ರಲ್ಲಿ ಮಾಲೀಕರು ಬಾಡಿಗೆ ಏರಿಸಿದರು. ಶೇಕಡಾ 30ರಷ್ಟು ಇಳಿಸದಿದ್ದರೆ ಬಾಡಿಗೆ ಕೊಡುವುದಿಲ್ಲವೆಂದು ವಠಾರದವರು ಹಟ ಹಿಡಿದರು. ಮುಂದೆ ನಿಂತವರು ಹೆಂಗಸರು. ಗಂಡಸರು ಕೆಲಸಕ್ಕೆ ಹೋದ ಹೊತ್ತಿನಲ್ಲಿ ಮನೆ ಖಾಲಿ ಮಾಡಿಸಲು ಬಂದವರನ್ನು ಎದುರಿಸಬೇಕಾದವರು ಅವರೇ ತಾನೇ! ಹೆಂಗಸರೂ ಮಕ್ಕಳೂ ಪೊರಕೆಗಳನ್ನು ಎತ್ತಿಹಿಡಿದು ಬೀದಿಯಲ್ಲಿ ಮೆರವಣಿಗೆ ಹೋದರು. ಪೊಲೀಸರು ಅಗ್ನಿಶಾಮಕ ದಳವನ್ನು ಕರೆಸಿ ಅವರ ಮೇಲೆ ತಣ್ಣೀರು ಹಾಯಿಸಿದರು. ಹದಿಹರೆಯದ ಹುಡುಗನೊಬ್ಬ ಗುಂಡಿಗೆ ಬಲಿಯಾದ. 1902ರ ಕಾನೂನೊಂದು ಪರದೇಶದವರನ್ನು ವಿಚಾರಣೆಯಿಲ್ಲದೆ ಗಡೀಪಾರು ಮಾಡಲು ಅವಕಾಶ ಕೊಟ್ಟಿತ್ತು. ಮುಂದಾಳುಗಳಲ್ಲಿ ಹಲವರನ್ನು ಅದರಡಿ ಹೊರಹಾಕಿದರು. ಅಲ್ಕೋರ್ತಾದ ರೈತರಿಗೆ ಸಿಕ್ಕಷ್ಟೂ ಈ ತಾಯಂದಿರಿಗೆ ಸಿಗಲಿಲ್ಲ.

ಈಗ ನಮ್ಮ ಧರ್ಮಸಭೆಯ ಮಟ್ಟಿಗೆ ಅಷ್ಟೇನೂ ಹಿತವಲ್ಲದ ಒಂದು ಸಂಗತಿಯನ್ನೂ ಹೇಳಬೇಕು. 1919ರ ಜನವರಿಯಲ್ಲಿ ಬ್ಯೂನಸ್ ಐರಿಸ್‌ನ ಲೋಹದ ಕಾರ್ಖಾನೆಯೊಂದರ ಮುಷ್ಕರ ರಕ್ತಪಾತಕ್ಕೆ ತಿರುಗಿತು. ಕಾರ್ಮಿಕರು ಕೇಳಿದ್ದು ಎಂಟು ಗಂಟೆಯ ದುಡಿಮೆ, ಭಾನುವಾರದ ಬಿಡುವು. ಸತ್ತವರು ನೂರಾರು. ಸ್ವಯಂಸೇವಕರೆಂದು ಹೇಳಿಕೊಂಡ ಶ್ರೀಮಂತ ಮನೆಗಳ ಯುವಕರು ಬಡ ಯೆಹೂದ್ಯರ ಕೇರಿಗೆ ನುಗ್ಗಿ ಹಲ್ಲೆ ನಡೆಸಿದರು. ಅದೇ ವರ್ಷ ಕಥೋಲಿಕ ಮುಖಂಡರು, ಮೊನ್ಸಿಞೊರ್ ಮಿಗೆಲ್ ದೆ ಆಂದ್ರೆಯಾರವರ ಮುಂದಾಳುತನದಲ್ಲಿ, ಕಾರ್ಮಿಕರಿಗೆ ಮನೆ ಕಟ್ಟಿಸಲು ದೇಶವ್ಯಾಪಿ ನಿಧಿ ಸಂಗ್ರಹಕ್ಕೆ ಹೊರಟರು. ಕೆಲಸ ಒಳ್ಳೆಯದೇ. ಆದರೆ ಶ್ರೀಮಂತರಿಗೆ ಕಳುಹಿಸಿದ ಮನವಿಯಲ್ಲಿ ಬಡವರನ್ನು ಹಸಿದ ಕಾಡುಮೃಗಗಳಿಗೆ ಹೋಲಿಸಲಾಗಿತ್ತು. ಮೃಗಗಳು ಸುತ್ತುವರಿದಾಗ ಮಾಂಸದ ತುಂಡುಗಳನ್ನು ಎಸೆದು ಅವುಗಳ ಬಾಯಿ ಮುಚ್ಚಿಸುವುದಿಲ್ಲವೇ ಎಂಬುದು ಅದರ ತಾತ್ಪರ್ಯ.

ದಾನದ ಹೆಸರಿನಲ್ಲಿ ಹೀಗೆ ಬರೆಯುವ ಕೈ ಹೇಗೆ ಬಂತು ಎಂದು ಅಚ್ಚರಿಯಾಗುತ್ತದೆ. ಸಂತ ಥಾಮಸರ ಬೋಧನೆಯಂತೆ, ಆಸ್ತಿಯನ್ನು ಸಂಪಾದಿಸಿ ನೋಡಿಕೊಳ್ಳುವ ಹಕ್ಕು ಒಬ್ಬನದಾಗಿರಬಹುದು. ಅದರ ಬಳಕೆಯ ವಿಷಯಕ್ಕೆ ಬಂದಾಗ ಅವನು ಅದನ್ನು ಎಲ್ಲರದೆಂಬಂತೆ ಕಾಣಬೇಕು, ಕೊರತೆಯಲ್ಲಿರುವವರೊಡನೆ ಹಂಚಿಕೊಳ್ಳಲು ಸಿದ್ಧನಿರಬೇಕು. ಬಾಡಿಗೆಯಲ್ಲಿ, ಗೇಣಿಯಲ್ಲಿ, ಕೂಲಿಯಲ್ಲಿ ಸಲ್ಲಬೇಕಾದದ್ದನ್ನು ಸಲ್ಲಿಸದೆ ಹಿಡಿದಿಟ್ಟುಕೊಂಡವನು, ಅದರಲ್ಲೇ ಒಂದು ತುಣುಕನ್ನು ತೆಗೆದು ದಾನವೆಂದು ಕೊಟ್ಟರೆ, ಪಡೆಯುವವನು ಅವನ ಕಣ್ಣಿಗೆ ಮನುಷ್ಯನಾಗಿ ಕಾಣುವುದು ಕಷ್ಟ. ಪಡೆಯುವವನಿಗಾದರೂ ತನ್ನದನ್ನೇ ತನಗೆ ಕೊಟ್ಟರೆಂದು ತಿಳಿಯದೆ ಇರುತ್ತದೆಯೇ? ನಮ್ಮ ಮನೆಗಳಲ್ಲಿ ಪಾತ್ರೆ ತೊಳೆಯುವ ಹೆಂಗಸಿಗೆ ಕ್ರಿಸ್ಮಸ್ ಹಬ್ಬಕ್ಕೆ ಸೀರೆ ಕೊಡುತ್ತೇವೆ, ಒಳ್ಳೆಯದು. ಅವಳ ತಿಂಗಳ ಸಂಬಳವನ್ನು ಏರಿಸಿ ಎಷ್ಟು ವರ್ಷವಾಯಿತು ಎಂಬುದು ಬೇರೆಯೇ ಲೆಕ್ಕ.

ಅರ್ಜೆಂಟೀನದಲ್ಲಿ ಗೇಣಿಯ ಬಗ್ಗೆ ಮೊದಲ ಕಾನೂನು 1921ರಲ್ಲಿ ಬಂದಿತು. ಕರಾರಿನಲ್ಲಿ ಎಷ್ಟೇ ಕಡಿಮೆ ಅವಧಿ ಬರೆದಿರಲಿ, ಗೇಣಿದಾರ ಬಯಸಿದರೆ ನಾಲ್ಕು ವರ್ಷ ಅಲ್ಲಿಯೇ ಇರಬಹುದು. ಇಂಥವರ ಬಳಿಯೇ ಕೊಳ್ಳಬೇಕು, ಇಂಥವರಿಗೇ ಮಾರಬೇಕು ಎಂಬ ಷರತ್ತಿಗೆ ಬೆಲೆಯಿಲ್ಲ. ಸಣ್ಣ ಕಾನೂನು, ತಪ್ಪಿಸಿಕೊಳ್ಳಲು ದಾರಿಗಳೂ ಇದ್ದವು. ಆದರೂ, ಸಹಿ ಹಾಕಿದ ಕಾಗದಕ್ಕಿಂತ ಮೇಲೊಂದು ನ್ಯಾಯವಿದೆ ಎಂಬುದನ್ನು ಒಂದು ದೇಶದ ಸಂಸತ್ತು ಬರೆದುಕೊಟ್ಟಿತ್ತು. ರೈತರ ವಕೀಲ ಫ್ರಾನ್ಸಿಸ್ಕೊ ನೆತ್ರಿಯವರು ಅದನ್ನು ನೋಡಲಿಲ್ಲ. 1916ರ ಅಕ್ಟೋಬರ್‌ನಲ್ಲಿ ರೊಸಾರಿಯೊ ನಗರದಲ್ಲಿ ಅವರನ್ನು ಗುಂಡಿಕ್ಕಿ ಕೊಂದಿದ್ದರು.