ನಾದದಲ್ಲಿ ದೋಷವೆಂದರೇನು?

ಒಂದು ಉಪಕರಣವು ತನಗೆ ಒಪ್ಪಿಸಿದುದನ್ನು ಯಥಾವತ್ತಾಗಿ ಮುಟ್ಟಿಸದೆ ಅದರಲ್ಲಿ ತನ್ನದೊಂದು ಅಂಶವನ್ನು ಬೆರೆಸಿಬಿಟ್ಟರೆ ಅದನ್ನು ದೋಷವೆಂದು ಕರೆಯುವುದು ಲೋಕರೂಢಿ. ಈ ರೂಢಿ ಎಲ್ಲೆಡೆಯಲ್ಲಿಯೂ ಸಲ್ಲುವುದೆ ಎಂಬ ಪ್ರಶ್ನೆಯನ್ನು, ಗಿಟಾರಿಗೆಂದು ಮನೆಯಲ್ಲಿಯೇ ಕೈಯಾರೆ ಕಟ್ಟಿಕೊಳ್ಳಬಹುದಾದ ಸಣ್ಣದೊಂದು ವಾಲ್ವ್ ಆಂಪ್ಲಿಫೈಯರಿನಷ್ಟು ಸ್ಪಷ್ಟವಾಗಿ ಎತ್ತುವ ವಸ್ತು ಮತ್ತೊಂದನ್ನು ನಾನರಿಯೆ.

ಕಟ್ಟುವವರಲ್ಲಿ ಬಹುಮಂದಿ ಅನುಸರಿಸುವ ಮಾದರಿಯೆಂದರೆ, ಕ್ಯಾಲಿಫೋರ್ನಿಯಾದ ಲಿಯೋ ಫೆಂಡರನ ಕಾರ್ಖಾನೆಯಿಂದ 1950ರ ದಶಕದಲ್ಲಿ, ಹೊಸದಾಗಿ ಕಲಿಯುವವರಿಗಾಗಿ ಹೊರಬಂದ ‘ಚಾಂಪ್’. ಅದರಲ್ಲಿರುವುದು ಮೂರೇ ವಾಲ್ವುಗಳು: ಕ್ಷೀಣವಾದ ಸಂಕೇತವನ್ನು ಎರಡು ಹಂತಗಳಲ್ಲಿ ಹಿಗ್ಗಿಸುವ 12ಎಎಕ್ಸ್7, ಸ್ಪೀಕರನ್ನು ನುಡಿಸುವ 6ವಿ6, ವಿದ್ಯುತ್ತನ್ನು ಏಕಮುಖಗೊಳಿಸುವ 5ವೈ3. ಸ್ಪೀಕರು 8 ಅಂಗುಲದ್ದು; ಶಕ್ತಿ ಸುಮಾರು 5 ವಾಟ್. ವಾಲ್ವಿನೊಳಗೆ ಕಾದ ಕ್ಯಾಥೋಡಿನಿಂದ ಹೊರಟ ಎಲೆಕ್ಟ್ರಾನುಗಳ ಪ್ರವಾಹವನ್ನು ನಡುವಣ ಗ್ರಿಡ್ಡು ತಡೆಯುತ್ತ ಬಿಡುತ್ತ ಇರುವುದಷ್ಟೆ. ತಂತಿಯನ್ನು ಮೆಲ್ಲನೆ ಮೀಟಿದಾಗ ಆ ಪ್ರವಾಹವು ತಂತಿಯ ಕಂಪನವನ್ನು ಹೆಚ್ಚುಕಡಮೆ ಇದ್ದಂತೆಯೇ ಅನುಸರಿಸುತ್ತದೆ. ಬಲವಾಗಿ ಮೀಟಿದಾಗಲಾದರೋ, ಅದು ಇನ್ನು ಏರಲಾರದ ಮೇಲಣ ಎಲ್ಲೆಯನ್ನೂ ಇನ್ನು ಇಳಿಯಲಾರದ ಕೆಳಗಣ ಎಲ್ಲೆಯನ್ನೂ ಮುಟ್ಟಿ, ಅಲೆಯ ಶಿಖರಗಳು ಮೊಂಡಾಗಿ, ತಂತಿಯಲ್ಲಿ ಅಷ್ಟಾಗಿ ಇಲ್ಲದಿದ್ದ ಅನುಸ್ವರಗಳು, ಎಂದರೆ ಮೀಟಿದ ಸ್ವರವನ್ನು ಷಡ್ಜವೆಂದೆಣಿಸಿದಲ್ಲಿ ಮೇಲಿನ ಸ್ಥಾಯಿಯ ಷಡ್ಜವೂ ಅದರಾಚೆಯ ಪಂಚಮವೂ, ನಾದದೊಳಗೆ ಮೂಡಿಕೊಳ್ಳುತ್ತವೆ. ಆಂಪ್ಲಿಫೈಯರು ಚಿಕ್ಕದಾದಷ್ಟೂ ಈ ಎಲ್ಲೆ ಬೇಗನೆ ಒದಗುವುದರಿಂದ, ಅಲ್ಪಶಕ್ತಿಯೇ ಇಲ್ಲಿ ಅದರ ಐಶ್ವರ್ಯ.

ಈ ವಿಕೃತಿಯನ್ನು ಅಳಿಸಲು ಇಂಜಿನಿಯರುಗಳು ಪಟ್ಟ ಶ್ರಮ ಸಾಮಾನ್ಯವಾದುದಲ್ಲ. ಟೆಲಿಫೋನಿನ ಮಾತು ದೂರದೇಶಕ್ಕೆ ಸಾಗುವಾಗ ದಾರಿಯ ಆಂಪ್ಲಿಫೈಯರುಗಳ ದೋಷವೆಲ್ಲ ಒಂದರ ಮೇಲೊಂದು ಕೂಡಿ ಮಾತೇ ಕೆಟ್ಟುಹೋಗುತ್ತಿದ್ದುದರಿಂದ, ಬೆಲ್ ಪ್ರಯೋಗಾಲಯದ ಹೆರಾಲ್ಡ್ ಬ್ಲ್ಯಾಕ್ ಎಂಬಾತನು 1927ರಲ್ಲಿ, ಹಡ್ಸನ್ ನದಿಯನ್ನು ಹಡಗಿನಲ್ಲಿ ದಾಟುತ್ತಿದ್ದಾಗ, ಹೊರಬಂದ ಸಂಕೇತದ ಒಂದಂಶವನ್ನು ವಿಲೋಮವಾಗಿ ಒಳಕ್ಕೆ ಹಿಂದಿರುಗಿಸಿ ದೋಷವನ್ನು ದೋಷದಿಂದಲೇ ಕಳೆಯುವ ಉಪಾಯವನ್ನು ಕಂಡು, ಕೈಯಲ್ಲಿದ್ದ ವೃತ್ತಪತ್ರಿಕೆಯ ಪುಟದ ಮೇಲೆಯೇ ಗುರುತುಹಾಕಿಕೊಂಡನು. ಚಾಂಪಿನಲ್ಲಿಯೂ ಸ್ಪೀಕರಿನ ಬದಿಯಿಂದ ಹಿಂದಕ್ಕೆ ಹೋಗುವ 22,000 ಓಮಿನ ಒಂದು ರೆಸಿಸ್ಟರು ಇದೇ ಕೆಲಸವನ್ನು ಮಾಡುತ್ತದೆ. ಕಟ್ಟುವವರಲ್ಲಿ ಅನೇಕರು ಉದ್ದೇಶಪೂರ್ವಕವಾಗಿ ಅದರ ಬೆಸುಗೆಯನ್ನು ಬಿಡಿಸಿಬಿಡುತ್ತಾರೆ. ಆಗ ನಾದವು ಒರಟಾಗಿ, ತುಂಬಿಕೊಂಡು ಮುಂದೆ ಬರುತ್ತದೆ. ಶತಮಾನದ ಶ್ರೇಷ್ಠ ಆವಿಷ್ಕಾರಗಳಲ್ಲೊಂದನ್ನು ಹೀಗೆ ಕಿತ್ತೊಗೆಯುವುದು ಅಜ್ಞಾನವೆ?

ಅಲ್ಲವೆಂದೇ ನನ್ನ ಮತ. ಟೆಲಿಫೋನಿಗೆ ಒಪ್ಪಿಸಿದುದು ಪೂರ್ಣವಾಗಿ ಆಡಿ ಮುಗಿದ ಮಾತು. ನಮ್ಮ ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯು 1960ರ ದಶಕದಲ್ಲಿ ತಯಾರಿಸುತ್ತಿದ್ದ ರೇಡಿಯೋ ವಾಲ್ವುಗಳಿಗೂ ವಾರ್ತೆಯನ್ನು ಓದಿದವರ ಕಂಠವನ್ನು ಕೆಡಿಸದೆ ತಲುಪಿಸುವುದೇ ಧರ್ಮವಾಗಿದ್ದಿತು. ಗಟ್ಟಿಮರದ ವಿದ್ಯುತ್ ಗಿಟಾರಿನ ವಿಷಯ ಹಾಗಲ್ಲ. ಅದರ ತಂತಿಯ ಸದ್ದು ಪಕ್ಕದಲ್ಲಿ ಕುಳಿತವರಿಗೂ ಸರಿಯಾಗಿ ಕೇಳದು. ವಾಲ್ವುಗಳನ್ನು ಹಾದು ಸ್ಪೀಕರಿನಿಂದ ಹೊರಟಾಗಲೇ ಆ ನಾದ ಹುಟ್ಟುವುದು. ಮೂಲವೇ ಇನ್ನೂ ಸಿದ್ಧವಾಗದಿರುವಲ್ಲಿ ಮೂಲನಿಷ್ಠೆಯೆಂಬ ಮಾತಿಗೆ ಅರ್ಥವೆಲ್ಲಿಯದು? ಇಲ್ಲಿ ಆಂಪ್ಲಿಫೈಯರು ದೂತನಲ್ಲ, ವಾದ್ಯದ ಅರ್ಧಾಂಗ. ತಂಬೂರಿಯ ಕುದುರೆಯ ಮೇಲೆ ತಂತಿಯಡಿಗೆ ನೂಲಿನ ಎಳೆಯನ್ನು ಸೇರಿಸಿ, ತಂತಿಯು ಕುದುರೆಯನ್ನು ಸವರುತ್ತ ಅನುಸ್ವರಗಳನ್ನು ಚೆಲ್ಲುವಂತೆ ಜೀವಾಳವನ್ನು ಹದಗೊಳಿಸುವ ವೈಣಿಕರಿಗೂ ಗಾಯಕರಿಗೂ ಈ ಮಾತನ್ನು ವಿವರಿಸಬೇಕಾದುದಿಲ್ಲ. 1964ರಲ್ಲಿ ಇಂಗ್ಲೆಂಡಿನ ಕಿಂಕ್ಸ್ ತಂಡದ ಡೇವ್ ಡೇವೀಸ್ ತನ್ನ ಪುಟ್ಟ ಆಂಪ್ಲಿಫೈಯರಿನ ಸ್ಪೀಕರನ್ನು ಬ್ಲೇಡಿನಿಂದ ಸೀಳಿ ತನಗೆ ಬೇಕಾದ ಕರ್ಕಶತೆಯನ್ನು ಪಡೆದುದು ಅದೇ ಅರಸುವಿಕೆಯ ಉಗ್ರರೂಪ.

ಹಾಗಾದರೆ ದೋಷವೆಲ್ಲವೂ ಗುಣವೇ ಎಂದು ಕೇಳುವವರಿಗೆ ನಾನು ಹೇಳುವುದಿಷ್ಟು: ಯಾವ ವಿಕೃತಿಯು ನುಡಿಸುವವನ ಬೆರಳಿಗೆ ವಿಧೇಯವಾಗಿ, ಮೆಲ್ಲನೆ ಮೀಟಿದರೆ ಅಡಗಿ ಬಲವಾಗಿ ಮೀಟಿದರೆ ಎದ್ದುಬರುವುದೋ, ಅದು ಅಭಿವ್ಯಕ್ತಿಯ ಸಾಧನ, ಯಾವುದು ಬೆರಳನ್ನು ಲೆಕ್ಕಿಸದೆ ಒಂದೇ ಸಮನೆ ಗುಂಯ್‌ಗುಡುವುದೋ, ಅದು ಕೇವಲ ದೋಷ. ಸರಿಯಾಗಿ ಶೋಧಿಸದ ವಿದ್ಯುತ್ತಿನ ಗುಂಯ್‌ಕಾರವೂ ಸಡಿಲಾದ ಬೆಸುಗೆಯ ಚಿಟಪಟವೂ ಈ ಎರಡನೆಯ ಜಾತಿಯವು. ಕೊಂಡು ತಂದವನಿಗೆ ಈ ಭೇದ ಕಿವಿಗೆ ತಿಳಿದೀತು. ಅದರ ಕಾರಣವು ಯಾವ ತಂತಿಯಲ್ಲಿದೆಯೆಂದು ಅರಿಯುವವನು ಕಟ್ಟಿದವನು. ಮನೆಯಲ್ಲಿ ಕಟ್ಟುವ ಶ್ರಮಕ್ಕೆ ನಾನು ಕೊಡುವ ಬೆಲೆಯೆಲ್ಲ ಈ ಅರಿವಿಗೇ.

ಕಟ್ಟಲು ಹೊರಡುವವರಲ್ಲಿ ನನ್ನದೊಂದು ಬಿನ್ನಹವುಂಟು. ಪ್ಲಗ್ಗನ್ನು ಕಿತ್ತ ಮೇಲೆಯೂ ಕೆಪ್ಯಾಸಿಟರುಗಳಲ್ಲಿ 300 ವೋಲ್ಟಿಗೂ ಮೀರಿ ಪ್ರಾಣಾಪಾಯಕರವಾದ ವಿದ್ಯುತ್ತು ಉಳಿದಿರಬಹುದು. ಅದನ್ನು ತಕ್ಕ ರೆಸಿಸ್ಟರಿನ ಮೂಲಕ ಬರಿದುಮಾಡಿ, ಮೀಟರು ಸೊನ್ನೆಯನ್ನು ತೋರಿಸುವವರೆಗೆ ಒಳಗೆ ಬೆರಳಿಡದಿರಿ. ಮೊದಲ ಬಾರಿಗಂತೂ ಬಲ್ಲವರೊಬ್ಬರನ್ನು ಪಕ್ಕದಲ್ಲಿ ಕುಳ್ಳಿರಿಸಿಕೊಳ್ಳಿ.