ಧೂಳಿಗೆ ಕರ್ಮ ಅನ್ನಲಿಲ್ಲ, ಮಗುವಿಗೆ ಯಾಕೆ?

ನಮ್ಮೂರಲ್ಲಿ ಗಣಿಗೆ ಇಳಿಯುತ್ತಿದ್ದವನು ಕೆಮ್ಮಿ ಕೆಮ್ಮಿ ಸತ್ತರೆ ಅದನ್ನು ಪೂರ್ವಜನ್ಮದ ಪಾಪ ಅಂತ ಯಾರೂ ಅನ್ನುತ್ತಿರಲಿಲ್ಲ. ಸೀದಾ ಧೂಳಿನ ಹೆಸರು ಹೇಳುತ್ತಿದ್ದರು. ಅದೇ ಸಾಲುಮನೆಯಲ್ಲಿ ಹುಟ್ಟಿದ ಕೂಸು ಉಸಿರಿಗೆ ಒದ್ದಾಡಿದರೆ ಮಾತ್ರ ತಾಯಿಯ ಕಡೆ ಬೆರಳು ತಿರುಗುತ್ತದೆ: ಇವಳು ಯಾವ ಜನ್ಮದಲ್ಲಿ ಏನು ಮಾಡಿದ್ದಳೋ. ಕೋಲಾರ ಚಿನ್ನದ ಗಣಿಯ ರಾಬರ್ಟ್‌ಸನ್‌ಪೇಟೆಯಲ್ಲಿ ಎಕ್ಸ್‌ರೇ ತೆಗೆಯುತ್ತಲೇ ನಿವೃತ್ತನಾದವನು ನಾನು. ಈ ಎರಡು ನ್ಯಾಯ ನನ್ನನ್ನು ಈಗಲೂ ಕೆರಳಿಸುತ್ತದೆ.

ಹಳೆಯ ಗಣಿ ಕಾರ್ಮಿಕರ ಎದೆಯ ಫಿಲಂ ಬೆಳಕಿಗೆ ಹಿಡಿದರೆ ಡಾಕ್ಟರು ಬಾಯಿಬಿಡುವ ಮೊದಲೇ ನಮಗೆ ಗೊತ್ತಾಗುತ್ತಿತ್ತು. ಶ್ವಾಸಕೋಶದ ಮೇಲ್ಭಾಗದಲ್ಲಿ, ಎರಡೂ ಕಡೆ, ಬಿಳಿ ಚುಕ್ಕೆಗಳು. ಕೆಲವರಲ್ಲಿ ಉಸಿರುನಾಳದ ಬುಡದ ಗ್ರಂಥಿಗಳ ಸುತ್ತ ಮೊಟ್ಟೆಯ ಸಿಪ್ಪೆಯಂತೆ ಸುಣ್ಣ ಕಟ್ಟಿರುತ್ತಿತ್ತು. ಇಲ್ಲಿಯ ಚಿನ್ನ ಇದ್ದದ್ದು ಬೆಣಚುಕಲ್ಲಿನಲ್ಲಿ. ಅದನ್ನು ಕೊರೆದಾಗ ಎದ್ದ ಧೂಳನ್ನು ಶ್ವಾಸಕೋಶದೊಳಗಿನ ಮ್ಯಾಕ್ರೋಫೇಜ್ ಎಂಬ ಜೀವಕೋಶ ನುಂಗುತ್ತದೆ. ಒಳಗನ್ನು ಶುಚಿಯಾಗಿಡುವುದೇ ಅದರ ಕೆಲಸ. ಬೆಣಚು ಜೀರ್ಣವಾಗುವುದಿಲ್ಲ. ನುಂಗಿದ ಕೋಶವೇ ಸಾಯುತ್ತದೆ, ಸುತ್ತ ಗಾಯ ಗಟ್ಟಿಯಾಗುತ್ತದೆ. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿದ ಮೇಲೂ ಅಂಥ ಫಿಲಂಗಳು ಬರುತ್ತಲೇ ಇದ್ದವು.

ಇದೇ ಕೋಶ ಧೂಳಿಲ್ಲದೆಯೂ ಕೈಕೊಡುವ ಕಾಯಿಲೆಯೊಂದಿದೆ. ಬಲು ಅಪರೂಪದ್ದು, ಹುಟ್ಟಿನಿಂದ ಬರುವಂಥದ್ದು. ಹೆಸರು ಹೆರೆಡಿಟರಿ ಪಲ್ಮನರಿ ಆಲ್ವಿಯೋಲಾರ್ ಪ್ರೋಟಿನೋಸಿಸ್. ಗಾಳಿಚೀಲಗಳು ಅಂಟಿಕೊಳ್ಳದಂತೆ ಕಾಯುವ ಜಿಡ್ಡು ಹಳತಾದಾಗ ಅದನ್ನು ತೆಗೆದುಹಾಕಬೇಕಾದ್ದು ಮ್ಯಾಕ್ರೋಫೇಜ್. ಆ ಕೆಲಸಕ್ಕೆ ಬೇಕಾದ ಸೂಚನೆಯನ್ನು ಹಿಡಿಯುವ ಜೀನ್ ಕೆಟ್ಟಿದ್ದರೆ ಜಿಡ್ಡು ಅಲ್ಲೇ ತುಂಬಿಕೊಳ್ಳುತ್ತದೆ. ಆಗ ಮಗುವಿಗೆ ಅರಿವಳಿಕೆ ಕೊಟ್ಟು ಶ್ವಾಸಕೋಶಕ್ಕೆ ಸಲೈನ್ ತುಂಬಿಸಿ ತೊಳೆಯುತ್ತಾರೆ. ಹೊರಗೆ ಬರುವ ನೀರು ಹಾಲಿನ ಬಣ್ಣದ್ದು. ಕೆಲವು ತಿಂಗಳಿಗೆ ಮತ್ತೆ ತುಂಬುತ್ತದೆ, ಮತ್ತೆ ತೊಳೆಯಬೇಕು.

2014ರಲ್ಲಿ ಅಮೆರಿಕದ ಸಿನ್ಸಿನಾಟಿಯ ಮಕ್ಕಳ ಆಸ್ಪತ್ರೆಯ ಸಂಶೋಧಕರು ಇಲಿಗಳಲ್ಲಿ ಬೇರೊಂದು ದಾರಿ ತೋರಿಸಿದರು. ಮೂಳೆಮಜ್ಜೆಯ ಕಾಂಡಕೋಶ (ಸ್ಟೆಮ್ ಸೆಲ್) ತೆಗೆದು, ವೈರಸ್ ಮೂಲಕ ಸರಿಯಾದ ಜೀನ್ ಸೇರಿಸಿ, ಮ್ಯಾಕ್ರೋಫೇಜ್ ಆಗುವಂತೆ ಬೆಳೆಸಿ, ನೇರ ಶ್ವಾಸಕೋಶಕ್ಕೇ ಬಿಟ್ಟರು. ಒಂದೇ ಸಲ ಬಿಟ್ಟ ಕೋಶಗಳು ವರ್ಷದವರೆಗೆ ಕೆಲಸ ಮಾಡಿದವು. ಇದೆಲ್ಲ ದೂರದ ಮಾತು ಅನ್ನಬೇಡಿ. ಬಂಗಾರಪೇಟೆಯಲ್ಲಿ ರೈಲು ಹತ್ತಿ ಕಾಟ್ಪಾಡಿಯಲ್ಲಿಳಿದರೆ ವೆಲ್ಲೂರು. ಅಲ್ಲಿಯ ಸಿಎಂಸಿ ಆಸ್ಪತ್ರೆ, ಬೆಂಗಳೂರಿನ ಕಾಂಡಕೋಶ ಸಂಶೋಧನಾ ಸಂಸ್ಥೆ ಇನ್‌ಸ್ಟೆಮ್ ಜೊತೆಗೂಡಿ, ತೀವ್ರ ಹಿಮೋಫಿಲಿಯಾದ 5 ಜನರಿಗೆ ಅವರವರದೇ ಕಾಂಡಕೋಶಕ್ಕೆ ಜೀನ್ ಸೇರಿಸಿ ಕೊಟ್ಟ ವಿವರ 2024ರ ಡಿಸೆಂಬರಿನಲ್ಲಿ ಪ್ರಕಟವಾಯಿತು. ಅದು ರಕ್ತದ ಕಾಯಿಲೆ, ನಿಜ. ಶ್ವಾಸಕೋಶಕ್ಕೆ ಆ ಮಟ್ಟ ಇನ್ನೂ ಬಂದಿಲ್ಲ.

ಇಷ್ಟು ಹೇಳಿದರೆ ನನ್ನ ಗೆಳೆಯರೊಬ್ಬರು ಕೇಳುತ್ತಾರೆ: ‘ಸಾರ್, ಜೀನ್ ಕೆಟ್ಟದ್ದು ಹೇಗೆ ಅಂತ ಹೇಳಿದಿರಿ. ಈ ಮಗುವಿಗೇ ಯಾಕೆ ಅಂತ ಹೇಳಲಿಲ್ಲವಲ್ಲ?’ ಒಳ್ಳೆಯ ಪ್ರಶ್ನೆ. ತಂದೆತಾಯಿ ಇಬ್ಬರಲ್ಲೂ ಒಂದೊಂದು ಕೆಟ್ಟ ಪ್ರತಿ ಅಡಗಿದ್ದರೆ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲೊಂದು ಸಾಧ್ಯತೆ. ಸೋದರಮಾವನಿಗೆ ಹೆಣ್ಣು ಕೊಡುವ ನಮ್ಮ ಸೀಮೆಯಲ್ಲಿ ಇಬ್ಬರಲ್ಲೂ ಅದೇ ದೋಷವಿರುವ ಸಂಭವ ಹೆಚ್ಚು. ‘ನಾಲ್ಕರಲ್ಲಿ ಆ ಒಂದು ಈ ಮಗುವೇ ಯಾಕೆ?’ ಎಂದು ಗೆಳೆಯರು ಬಿಡುವುದಿಲ್ಲ. ಅಲ್ಲಿಗೆ ವಿಜ್ಞಾನ ಸುಮ್ಮನಾಗುತ್ತದೆ, ಕರ್ಮ ಮಾತಾಡುತ್ತದೆ.

ಈ ಮಾತಿಗೆ ನಮ್ಮೂರಿನಲ್ಲೇ ಹಳೆಯ ಉತ್ತರವಿದೆ. ಕಳೆದ ಶತಮಾನದ ಆರಂಭದಲ್ಲಿ ತಮಿಳು ಬೌದ್ಧ ಚಿಂತಕ ಅಯೋತಿದಾಸ ಪಂಡಿತರ ಶಾಕ್ಯ ಬೌದ್ಧ ಸಂಘ ಮಾರಿಕುಪ್ಪಂನ ಗಣಿ ಕಾರ್ಮಿಕರ ನಡುವೆ ಬೇರೂರಿತು. ಹಿಂದಿನ ಜನ್ಮದ ಫಲವಾಗಿ ಕೀಳು ಜಾತಿಯಲ್ಲಿ ಹುಟ್ಟಿದಿರಿ ಅಂತ ಕೇಳಿಸಿಕೊಂಡು ಬಂದಿದ್ದ ಜನ, ಆ ಲೆಕ್ಕವನ್ನು ಒಪ್ಪುವುದಿಲ್ಲ ಎಂದರು. ಬೌದ್ಧ ಗ್ರಂಥವಾದ ಸಂಯುತ್ತನಿಕಾಯದಲ್ಲಿ ಮೋಲಿಯ ಸೀವಕ ಎಂಬ ಪರಿವ್ರಾಜಕ ಬುದ್ಧನನ್ನು ಇದನ್ನೇ ಕೇಳುತ್ತಾನೆ. ಪಿತ್ತ, ಕಫ, ವಾತ, ಋತುಮಾನದ ಬದಲಾವಣೆ, ಅಜಾಗರೂಕತೆ, ಪೆಟ್ಟು ಹೀಗೆ ಎಂಟು ಕಾರಣ ಎಣಿಸುವ ಬುದ್ಧ ಕರ್ಮವನ್ನು ಕೊನೆಗಿಡುತ್ತಾನೆ. ಅನುಭವಿಸುವುದೆಲ್ಲ ಹಿಂದೆ ಮಾಡಿದ್ದರಿಂದಲೇ ಎನ್ನುವವರು ಕಂಡದ್ದನ್ನು ಮೀರಿ ಮಾತಾಡುತ್ತಾರೆ ಎನ್ನುತ್ತಾನೆ. ಹಾಗಂತ ಬೌದ್ಧರೆಲ್ಲ ಈ ಕಡೆಯೇ ಅಂತಲ್ಲ. ಮಜ್ಝಿಮನಿಕಾಯದಲ್ಲಿ ಶುಭನೆಂಬ ಯುವಕನಿಗೆ, ಪ್ರಾಣಿಗಳನ್ನು ಹಿಂಸಿಸಿದವನು ಮುಂದೆ ರೋಗಿಯಾಗಿ ಹುಟ್ಟುತ್ತಾನೆ ಎಂದೂ ಬುದ್ಧ ಹೇಳಿದ್ದಾನೆ. ಗೆಳೆಯರು ಅದನ್ನು ಎತ್ತುತ್ತಾರೆ, ಎತ್ತಲಿ. ಎರಡರಲ್ಲಿ ನಾನು ಸೀವಕನಿಗೆ ಕೊಟ್ಟ ಉತ್ತರವನ್ನೇ ಹಿಡಿಯುತ್ತೇನೆ. ಇನ್ನೊಂದನ್ನು ನಮ್ಮೂರಲ್ಲಿ ಯಾರ ಮೇಲೆ ಪ್ರಯೋಗಿಸುತ್ತಾರೆ ಅಂತ ನೋಡಿದ್ದೇನೆ: ಯಾವಾಗಲೂ ಮೊದಲೇ ಸೋತು ಕೂತವರ ಮೇಲೆ. ‘ಈ ಮಗುವಿಗೇ ಯಾಕೆ’ ಎಂಬುದಕ್ಕೆ ಉತ್ತರವಿಲ್ಲದೆ ಇರಬಹುದು, ಅದನ್ನು ತಾಯಿಯ ತಲೆಗೆ ಕಟ್ಟಬೇಕಾಗಿಲ್ಲ.

ದುಡ್ಡು ಹೋಗುವುದೂ ಇದೇ ಅಪರಾಧಭಾವದ ಬಾಗಿಲಿನಿಂದ. ತನ್ನಿಂದಲೇ ಆಯಿತು ಎಂದು ನಂಬಿದ ತಾಯಿ ಮೊದಲು ಶಾಂತಿ ಹೋಮಕ್ಕೆ ಕೊಡುತ್ತಾಳೆ, ಆಮೇಲೆ ಸ್ಟೆಮ್ ಸೆಲ್ ಇಂಜೆಕ್ಷನ್ ಮಾರುವವನಿಗೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿಯ ಪ್ರಕಾರ ಮುಖ್ಯವಾಗಿ ರಕ್ತದ ಕೆಲವು ಕಾಯಿಲೆಗಳನ್ನು ಬಿಟ್ಟು ಉಳಿದದ್ದಕ್ಕೆಲ್ಲ ಕಾಂಡಕೋಶವನ್ನು ಪರೀಕ್ಷಾ ಪ್ರಯೋಗದಲ್ಲಿ ಮಾತ್ರ ಬಳಸಬಹುದು. ಶ್ವಾಸಕೋಶಕ್ಕೆ ಅಂತ ಯಾರಾದರೂ ರೇಟು ಹೇಳಿದರೆ ಪ್ರಯೋಗಗಳ ರಾಷ್ಟ್ರೀಯ ದಾಖಲೆಪಟ್ಟಿಯಾದ ಸಿಟಿಆರ್‌ಐನ ನೋಂದಣಿ ಸಂಖ್ಯೆ ಕೇಳಿ. ಪ್ರಯೋಗಕ್ಕೆ ಸೇರಿದ ರೋಗಿಯಿಂದ ಚಿಕಿತ್ಸೆಯ ಹಣ ಕೇಳುವಂತಿಲ್ಲ. ಮನೆಯಲ್ಲಿ ಇಂಥ ಕಾಯಿಲೆಯ ಮಗುವಿದ್ದರೆ ಮುಂದಿನ ಬಸಿರಿಗೆ ಮೊದಲು ಗಂಡಹೆಂಡತಿ ಇಬ್ಬರೂ ಅನುವಂಶಿಕ ತಜ್ಞರನ್ನು ಕಾಣಿ. ಇಬ್ಬರೂ ಅಂದೆ, ಹೆಂಡತಿಯೊಬ್ಬಳನ್ನೇ ಕಳಿಸಬೇಡಿ.